ಅಪ್ಪನ ಷೇರು, ಅಣ್ಣತಮ್ಮಂದಿರ ಜಗಳ, ಕೋರ್ಟಿನ ಸ್ಟೇ: ಪಹಣಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕೋರ್ಟ್ ಆವರಣದಲ್ಲಿ ‘ಸ್ಟೇ ತಂದಿದೀವಿ’ ಎಂಬ ಮಾತು ಕೇಳಿದರೆ ಅದು ಬಹುಪಾಲು ಜಮೀನಿನ ಮಾತು. ಜಮೀನಿನ ಸ್ಟೇ ಹೇಗೆ ಕೆಲಸ ಮಾಡುತ್ತದೆಂದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಹಣಿಯ 11ನೇ ಕಾಲಂನಲ್ಲಿ ಕೋರ್ಟ್ ಆದೇಶದ ನಮೂದು ಬೀಳುತ್ತದೆ, ಕೊಳ್ಳಲು ಬಂದವನು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸುತ್ತಾನೆ, ಊರಲ್ಲಿ ನಾಲ್ಕು ಜನ ‘ಅದು ಕೋರ್ಟಲ್ಲಿದೆ ಕಣಪ್ಪ’ ಎಂದು ಎಚ್ಚರಿಸುತ್ತಾರೆ. ಇಷ್ಟೆಲ್ಲ ದಾಟಿ ಒಬ್ಬ ಕೊಂಡೇಬಿಟ್ಟ ಎನ್ನಿ, ಆಗಲೂ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಸೆಕ್ಷನ್ ಕಾವಲಿಗಿದೆ. ದಾವೆ ನಡೆಯುತ್ತಿರುವಾಗ ಕೊಂಡವನು ದಾವೆಯ ತೀರ್ಪಿಗೆ ತಲೆಬಾಗಲೇಬೇಕು.

ಆ ಸೆಕ್ಷನ್ ಸ್ಥಿರಾಸ್ತಿಗೆ ಮಾತ್ರ. ಕಂಪನಿಯ ಷೇರು ಚರಾಸ್ತಿ ಎಂದು 2013ರ ಕಂಪನಿ ಕಾಯ್ದೆಯ 44ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಷೇರಿಗೆ ಪಹಣಿಯಿಲ್ಲ, ಇಸಿಯಿಲ್ಲ, ಊರಿನ ಬಾಯಿಯೂ ಇಲ್ಲ. ಡಿಮ್ಯಾಟ್ ಖಾತೆಯಲ್ಲಿ, ಅಂದರೆ ಷೇರನ್ನು ಕಾಗದವಿಲ್ಲದೆ ಇಡುವ ಖಾತೆಯಲ್ಲಿ, ಇರುವ ಲಿಸ್ಟೆಡ್ (ಷೇರುಪೇಟೆಯಲ್ಲಿ ವಹಿವಾಟಾಗುವ) ಷೇರನ್ನು ಬೆಳಿಗ್ಗೆ ಮಾರಿದರೆ ವಹಿವಾಟಿನ ಮರುದಿನ ಅದು ಇನ್ನೊಬ್ಬರ ಖಾತೆಯಲ್ಲಿರುತ್ತದೆ. ಕೊಂಡವರು ಯಾರೆಂದು ಮಾರಿದವನಿಗೇ ತಿಳಿಯುವುದಿಲ್ಲ. ಹಾಗಾಗಿ ಪಾಲಿನ ದಾವೆ ಹಾಕಿದ ಮಾತ್ರಕ್ಕೆ ಷೇರು ನಿಂತಲ್ಲಿ ನಿಲ್ಲುವುದಿಲ್ಲ. ತಡೆಯಾಜ್ಞೆ ಬೇಕು, ಅದರಲ್ಲಿ ಸರಿಯಾದ ಮಾತುಗಳಿರಬೇಕು, ಅದು ಸರಿಯಾದ ಮೇಜಿಗೆ ತಲುಪಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕೈಯಲ್ಲಿ ಆದೇಶವಿದ್ದೇ ಆಸ್ತಿ ಹೋಗುತ್ತದೆ.

ಮೊದಲು ತಿಳಿಯಬೇಕಾದ್ದು: ಅಪ್ಪನದು ಷೇರು, ಕಾರ್ಖಾನೆಯಲ್ಲ

ವಸಂತನರಸಾಪುರದಲ್ಲೋ ಮಾಲೂರಲ್ಲೋ ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲೋ ಒಂದು ಘಟಕ ನಡೆಸುತ್ತಿದ್ದ ಪ್ರೈವೇಟ್ ಲಿಮಿಟೆಡ್ ಕಂಪನಿ ಎಂದುಕೊಳ್ಳಿ. ಒಟ್ಟು 10,000 ಷೇರು. ಅದರಲ್ಲಿ ಅಪ್ಪನ ಹೆಸರಿನಲ್ಲಿ 6,000, ದೊಡ್ಡಮಗನ ಹೆಸರಿನಲ್ಲಿ 3,000, ಚಿಕ್ಕಪ್ಪನ ಹೆಸರಿನಲ್ಲಿ 1,000. ಅಪ್ಪ ತೀರಿಕೊಂಡರು, ವಿಲ್ ಇಲ್ಲ. ಉಳಿದವರು ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು.

ಇಲ್ಲಿ ಮಗಳೋ ಕಿರಿಮಗನೋ ಪಾಲಿನ ದಾವೆ ಹಾಕುವಾಗ ಷೆಡ್ಯೂಲಿನಲ್ಲಿ ಕಾರ್ಖಾನೆಯ ಪ್ಲಾಟ್ ನಂಬರು, ಶೆಡ್ಡು, ಯಂತ್ರ, ಲಾರಿ ಎಲ್ಲವನ್ನೂ ಬರೆಸಿಬಿಡುವುದು ಮೊದಲ ತಪ್ಪು. ಕಂಪನಿಯ ಆಸ್ತಿಯಲ್ಲಿ ಷೇರುದಾರನಿಗೆ ನೇರ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಬಚಾ ಗುಜ್ದಾರ್ ಪ್ರಕರಣದಲ್ಲಿ ಹೇಳಿಯಾಗಿದೆ. ಪ್ಲಾಟು ಕಂಪನಿಯ ಹೆಸರಿನಲ್ಲಿದ್ದರೆ ಅದು ಕಂಪನಿಯದೇ. ಅಪ್ಪನಿಂದ ವಾರಸುದಾರರಿಗೆ ಬರುವುದು 6,000 ಷೇರು ಮತ್ತು ಅದರ ಜೊತೆಗಿರುವ ಡಿವಿಡೆಂಡ್ (ಲಾಭದ ಹಂಚಿಕೆ), ಬೋನಸ್ (ಉಚಿತವಾಗಿ ಬರುವ ಹೆಚ್ಚುವರಿ ಷೇರು), ಮತದ ಹಕ್ಕು. ಕಂಪನಿಯ ಜಮೀನಿಗೆ ಸ್ಟೇ ಕೇಳಿದ ಅರ್ಜಿ ಆ ಭಾಗದಲ್ಲಿ ಬಿದ್ದುಹೋಗುತ್ತದೆ, ಜೊತೆಗೆ ಉಳಿದ ಭಾಗದ ಮೇಲೂ ನ್ಯಾಯಾಧೀಶರ ನಂಬಿಕೆ ಸಡಿಲವಾಗುತ್ತದೆ.

ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಈ 6,000 ಷೇರು ನಾಲ್ವರಿಗೂ ತಲಾ 1,500. ಅಪ್ಪನ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು, ಆಗ ತಲಾ 1,200. ಹೆಣ್ಣುಮಗಳ ಹಕ್ಕಿನ ಮಾತು ಬಂದ ಕೂಡಲೇ 2005ರ ತಿದ್ದುಪಡಿ, 2020ರ ವಿನೀತಾ ಶರ್ಮಾ ತೀರ್ಪು ಎಂದು ಪುಟಗಟ್ಟಲೆ ಬರೆಯುವ ಅಭ್ಯಾಸವಿದೆ. ಅವು ಪಿತ್ರಾರ್ಜಿತ ಆಸ್ತಿಗೆ. ಅಪ್ಪ ತಾನೇ ದುಡಿದು ಕಟ್ಟಿದ ಕಂಪನಿಯ ಷೇರಿನಲ್ಲಿ ಮಗಳಿಗೆ ಮಗನಷ್ಟೇ ಪಾಲು 1956ರಿಂದಲೂ ಇದೆ. ಷೇರು ಕೂಡುಕುಟುಂಬದ ದುಡ್ಡಿನಲ್ಲಿ ಕೊಂಡದ್ದು ಎಂದು ವಾದಿಸುವುದಾದರೆ ಮಾತ್ರ ಆ ದಾರಿ. ಆಗ ಕುಟುಂಬಕ್ಕೆ ಅಷ್ಟು ಆದಾಯದ ಮೂಲವಿತ್ತು ಎಂದು ತೋರಿಸುವ ಹೊಣೆ ವಾದಿಯದು. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದರು ಎಂಬುದಷ್ಟೇ ಸಾಲದು. ಅಪ್ಪ ಬದುಕಿರುವಾಗ ಅವರ ಸ್ವಯಾರ್ಜಿತ ಷೇರನ್ನು ಮಾರದಂತೆ ಮಕ್ಕಳು ತಡೆ ಕೇಳಿದರೆ ಸಿಗುವುದೂ ಇಲ್ಲ. ಮುಸ್ಲಿಂ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ, ಹುಟ್ಟಿನಿಂದ ಬರುವ ಹಕ್ಕು ಎಂಬುದೂ ಇಲ್ಲ. ಆದರೆ ಮುಂದೆ ಹೇಳುವ ತಡೆಯಾಜ್ಞೆಯ ದಾರಿ ಎಲ್ಲರಿಗೂ ಒಂದೇ.

ನಾಮಿನಿ ಎಂಬ ಗೊಂದಲ

‘ನಾಮಿನಿ ನಾನೇ, ಷೇರು ನನ್ನದೇ’ ಎಂಬ ವಾದಕ್ಕೆ 2023ರ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟ್ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ತೆರೆ ಎಳೆದಿದೆ. ಕಂಪನಿ ಕಾಯ್ದೆಯ ನಾಮಿನೇಷನ್ ಉತ್ತರಾಧಿಕಾರದ ಮೂರನೇ ದಾರಿಯಲ್ಲ. ನಾಮಿನಿಯ ಹೆಸರಿಗೆ ಷೇರು ಬಂದರೂ ಅಂತಿಮವಾಗಿ ಅದು ಸೇರಬೇಕಾದ್ದು ವಾರಸುದಾರರಿಗೆ, ಅಥವಾ ವಿಲ್ ಇದ್ದರೆ ವಿಲ್ ಪ್ರಕಾರ.

ಆದರೆ ತೀರ್ಪು ಕೈಯಲ್ಲಿದೆಯೆಂದು ಸುಮ್ಮನಿರುವ ಹಾಗಿಲ್ಲ. 72ನೇ ಸೆಕ್ಷನ್ ಪ್ರಕಾರ ಕಂಪನಿ ನಾಮಿನಿಯ ಹೆಸರಿಗೆ ಷೇರು ದಾಖಲಿಸಿದರೆ ಕಂಪನಿಯ ತಪ್ಪೇನಿಲ್ಲ, ಅದರ ಹೊಣೆ ಅಲ್ಲಿಗೆ ತೀರಿತು. ಆಮೇಲೆ ನಾಮಿನಿ ಪೇಟೆಯಲ್ಲಿ ಮಾರಿ ದುಡ್ಡು ಖರ್ಚು ಮಾಡಿದರೆ, ತೀರ್ಪು ನಿಮ್ಮ ಪರ ಇದ್ದರೂ ವಸೂಲಿ ಮಾಡಬೇಕಾದ್ದು ಆ ವ್ಯಕ್ತಿಯಿಂದ. ಹೀಗಾಗಿ ಜಾಣತನದ ಅರ್ಜಿ ‘ನಾಮಿನಿಯ ಹೆಸರಿಗೆ ಮಾಡಲೇಬೇಡಿ’ ಎಂದು ಹಟ ಹಿಡಿಯುವುದಿಲ್ಲ. ‘ಹೆಸರಿಗೆ ಬಂದರೂ ಮಾರದಂತೆ, ಒತ್ತೆ ಇಡದಂತೆ, ದಾನ ಕೊಡದಂತೆ ತಡೆಯಿರಿ’ ಎಂದು ಕೇಳುತ್ತದೆ. ನ್ಯಾಯಾಲಯಕ್ಕೆ ಇದನ್ನು ಒಪ್ಪುವುದು ಸುಲಭ, ಯಾಕೆಂದರೆ ಯಾರಿಗೂ ನಷ್ಟವಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ಗುಂಡಿಯಿದೆ. ನಾಮಿನಿ ಇಲ್ಲದ ಲಿಸ್ಟೆಡ್ ಷೇರುಗಳಿಗೆ ಷೇರುಪೇಟೆಯ ನಿಯಂತ್ರಕ ಸೆಬಿ ಸರಳ ದಾರಿ ಮಾಡಿದೆ. ಕಾಗದದ ಷೇರಾದರೆ ಒಂದು ಕಂಪನಿಗೆ 5 ಲಕ್ಷ ರೂಪಾಯಿವರೆಗೆ, ಡಿಮ್ಯಾಟ್ ಆದರೆ ಒಂದು ಖಾತೆಗೆ 15 ಲಕ್ಷದವರೆಗೆ ಸಕ್ಸೆಷನ್ ಸರ್ಟಿಫಿಕೇಟ್ ಇಲ್ಲದೆಯೂ ಹೆಸರು ಬದಲಾಗುತ್ತದೆ. ಅದಕ್ಕೆ ಉಳಿದ ವಾರಸುದಾರರ ನಿರಾಕ್ಷೇಪಣಾ ಪತ್ರ ಬೇಕು. ಹಬ್ಬಕ್ಕೆ ತವರಿಗೆ ಬಂದ ಅಕ್ಕನ ಮುಂದೆ ಈ ಕಾಗದ ಬರುವುದು. ‘ಬರೀ ಫಾರ್ಮಾಲಿಟಿ ಅಕ್ಕ, ಒಂದು ಸೈನ್ ಹಾಕು’ ಎನ್ನುತ್ತಾರೆ. ಜಮೀನಿನ ಹಕ್ಕು ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗದಿದ್ದರೆ ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆ ಧೈರ್ಯದಲ್ಲೇ ಸಹಿ ಹಾಕುತ್ತಾರೆ. ಷೇರು ಚರಾಸ್ತಿಯಾದ್ದರಿಂದ ಅದರ ಬಿಡುಗಡೆಗೆ ನೋಂದಣಿ ಕಡ್ಡಾಯವಲ್ಲ. ಆ ಸಹಿಯ ಕಾಗದವೇ ನಾಳೆ ತಡೆಯಾಜ್ಞೆಯ ಅರ್ಜಿಗೆ ಎದುರು ದಾಖಲೆ. ಹೆಸರು ಬದಲಿಸಲು ಒಪ್ಪಿಗೆಯಿದ್ದು ಪಾಲು ಬಿಡಲು ಒಪ್ಪಿಗೆಯಿಲ್ಲದಿದ್ದರೆ ಅದನ್ನು ಅದೇ ಕಾಗದದಲ್ಲಿ ಬರೆಸಬೇಕು.

ನಾಡಕಚೇರಿಯ ವಂಶವೃಕ್ಷವನ್ನು ಸಕ್ಸೆಷನ್ ಸರ್ಟಿಫಿಕೇಟ್ ಎಂದು ಭಾವಿಸುವವರೂ ಇದ್ದಾರೆ. ವಂಶವೃಕ್ಷ ಕುಟುಂಬದಲ್ಲಿ ಯಾರ್ಯಾರಿದ್ದಾರೆ ಎಂದಷ್ಟೇ ಹೇಳುತ್ತದೆ. ಷೇರು, ಠೇವಣಿಗಳ ವಿಷಯದಲ್ಲಿ ಕಂಪನಿಗೆ ರಕ್ಷಣೆ ಕೊಡುವ ಸಕ್ಸೆಷನ್ ಸರ್ಟಿಫಿಕೇಟನ್ನು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 372ನೇ ಸೆಕ್ಷನ್ ಅಡಿ ನ್ಯಾಯಾಲಯವೇ ಕೊಡಬೇಕು.

ಯಾವ ಬಾಗಿಲು: ತಾಲ್ಲೂಕಿನ ಸಿವಿಲ್ ಕೋರ್ಟೋ, ಬೆಂಗಳೂರಿನ ನ್ಯಾಯಮಂಡಳಿಯೋ

ಬಹಳ ಅರ್ಜಿಗಳು ಸೋಲುವುದು ಇಲ್ಲೇ. ‘ಈ ಷೇರು ಯಾರದು’ ಎಂಬ ಪ್ರಶ್ನೆ ಸಿವಿಲ್ ನ್ಯಾಯಾಲಯದ್ದು. ವಿಲ್ ನಿಜವೋ, ಮಗಳಿಗೆ ಪಾಲಿದೆಯೋ, ಅಪ್ಪ ಸಹಿ ಮಾಡಿದ ವರ್ಗಾವಣೆ ಪತ್ರ ಅಸಲಿಯೋ ಎಂಬುದೆಲ್ಲ ಸಾಕ್ಷಿ, ಪಾಟೀಸವಾಲು ಬೇಡುವ ವಿಷಯ. ‘ಷೇರುದಾರನಾದ ನನ್ನನ್ನು ಕಂಪನಿ ತುಳಿಯುತ್ತಿದೆ’ ಅಥವಾ ‘ನನ್ನ ಹಕ್ಕಿನ ಬಗ್ಗೆ ತಕರಾರಿಲ್ಲ, ಆದರೂ ಹೆಸರು ದಾಖಲಿಸುತ್ತಿಲ್ಲ’ ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಪೀಠವಿರುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯದು, ಅಂದರೆ ಎನ್‌ಸಿಎಲ್‌ಟಿಯದು. ಹಾಗೆ ನ್ಯಾಯಮಂಡಳಿಗೆ ಸೇರಿದ ವಿಷಯದಲ್ಲಿ ಸಿವಿಲ್ ಕೋರ್ಟ್ ದಾವೆ ನಡೆಸುವಂತಿಲ್ಲ, ತಡೆಯಾಜ್ಞೆಯನ್ನೂ ಕೊಡುವಂತಿಲ್ಲ ಎಂದು ಕಂಪನಿ ಕಾಯ್ದೆಯ 430ನೇ ಸೆಕ್ಷನ್ ಹೇಳುತ್ತದೆ.

2020ರ ಅರುಣಾ ಓಸ್ವಾಲ್ ತೀರ್ಪು ಇದಕ್ಕೆ ಒಳ್ಳೆಯ ಪಾಠ. ತಂದೆಯ ಷೇರು ನಾಮಿನಿಯಾದ ತಾಯಿಯ ಹೆಸರಿಗೆ ಹೋಗಿತ್ತು. ಮಗ ಪಾಲಿನ ದಾವೆಯನ್ನೂ ಹಾಕಿದ, ದಬ್ಬಾಳಿಕೆ ಮತ್ತು ದುರಾಡಳಿತದ ಅರ್ಜಿಯನ್ನೂ ನ್ಯಾಯಮಂಡಳಿಗೆ ಹಾಕಿದ. ಷೇರಿನ ವಾರಸುದಾರಿಕೆಯೇ ಸಿವಿಲ್ ದಾವೆಯಲ್ಲಿ ತೀರ್ಮಾನವಾಗಬೇಕಿರುವಾಗ ನ್ಯಾಯಮಂಡಳಿಯ ಅರ್ಜಿ ನಿಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇನ್ನೊಂದೆಡೆ 1990ರಲ್ಲಿ ವರದಿಯಾದ ವರ್ಲ್ಡ್ ವೈಡ್ ಏಜೆನ್ಸೀಸ್ ತೀರ್ಪಿನ ಪ್ರಕಾರ ಸದಸ್ಯರ ಪಟ್ಟಿಯಲ್ಲಿ ಹೆಸರು ಏರದಿದ್ದರೂ ಸತ್ತ ಷೇರುದಾರನ ವಾರಸುದಾರರು ದಬ್ಬಾಳಿಕೆಯ ಅರ್ಜಿ ಹಾಕಬಹುದು. ಎರಡನ್ನೂ ಕೂಡಿಸಿ ಓದಿದರೆ ಸಿಗುವ ಅರ್ಥ ಹೀಗೆ: ವಾರಸುದಾರಿಕೆಯೇ ತಕರಾರಿನಲ್ಲಿದ್ದರೆ ಮೊದಲು ಸಿವಿಲ್ ಕೋರ್ಟ್, ಅದು ಸ್ಪಷ್ಟವಿದ್ದರೆ ನ್ಯಾಯಮಂಡಳಿ.

ತೊಡಕಿರುವುದು ನಡುವಿನ ಜಾಗದಲ್ಲಿ. ಮೇಲಿನ ಉದಾಹರಣೆಯಲ್ಲಿ ಅಪ್ಪನ 6,000 ಷೇರು ಯಾರೂ ಮುಟ್ಟಲಿಲ್ಲ ಎನ್ನಿ. ದೊಡ್ಡಮಗ ನಿರ್ದೇಶಕ. ಅವನು 20,000 ಹೊಸ ಷೇರು ಹೊರಡಿಸಿ ತನಗೇ ಹಂಚಿಕೊಂಡ. ಈಗ ಒಟ್ಟು 30,000. ಶೇ. 60 ಇದ್ದ ಅಪ್ಪನ ಪಾಲು ಶೇ. 20ಕ್ಕೆ ಕುಸಿಯಿತು, ಮಗಳ 1,500 ಷೇರು ಶೇ. 15ರಿಂದ ಶೇ. 5ಕ್ಕೆ ಇಳಿಯಿತು. ಒಂದು ಷೇರೂ ಮಾರಿಲ್ಲ, ‘ಪರಭಾರೆ ಮಾಡಬಾರದು’ ಎಂಬ ಸ್ಟೇ ಉಲ್ಲಂಘನೆಯೂ ಆಗಿಲ್ಲ! ಷೇರು ಹಂಚಿಕೆ ಕಂಪನಿ ಕಾಯ್ದೆಯ ಅಡಿ ನಿರ್ದೇಶಕ ಮಂಡಳಿಯ ಅಧಿಕಾರ. ಅದನ್ನು ನೇರವಾಗಿ ತಡೆಯಿರಿ ಎಂದು ತುಮಕೂರಿನ ಸಿವಿಲ್ ಕೋರ್ಟಿಗೆ ಹೋದರೆ ಎದುರು ವಕೀಲರು 430ನೇ ಸೆಕ್ಷನ್ ಎತ್ತುತ್ತಾರೆ. 241 ಮತ್ತು 242ನೇ ಸೆಕ್ಷನ್ ಅಡಿ ನ್ಯಾಯಮಂಡಳಿಗೆ ಹೋಗಿ 242(4)ರ ಮಧ್ಯಂತರ ಆದೇಶ ಕೇಳುವುದೇ ಇಲ್ಲಿ ನೆಟ್ಟಗಿನ ದಾರಿ. ಆದರೆ ಅಣ್ಣ ವಿಲ್ ತಂದಿಟ್ಟಿದ್ದರೆ ಅರುಣಾ ಓಸ್ವಾಲ್ ಅಡ್ಡ ಬರುತ್ತದೆ. ಆಗ ಸಿವಿಲ್ ದಾವೆಯ ಕೋರಿಕೆಯನ್ನು ಕಂಪನಿಯ ಅಧಿಕಾರದ ಮೇಲಲ್ಲದೆ ಅಣ್ಣನ ಮೇಲೆ, ವೈಯಕ್ತಿಕವಾಗಿ, ದಾವೆಯ 6,000 ಷೇರುಗಳಿಗೆ ಕಟ್ಟಿ ಬರೆಸಬೇಕು: ಆ ಷೇರುಗಳ ಮತವನ್ನು ಅವನು ಒಬ್ಬನೇ ಚಲಾಯಿಸಬಾರದು, ಆ ಷೇರುಗಳಿಗೆ ಬರುವ ಹಕ್ಕಿನ ಕೊಡುಗೆಯನ್ನು (ಹೊಸ ಷೇರು ಕೊಳ್ಳುವ ಅವಕಾಶವನ್ನು) ತನ್ನ ಹೆಸರಿಗೆ ತಿರುಗಿಸಿಕೊಳ್ಳಬಾರದು ಎಂದು. ಎಷ್ಟು ಸಿಗುತ್ತದೆ ಎಂಬುದು ನ್ಯಾಯಾಧೀಶರ ವಿವೇಚನೆ. ಆದರೂ ಹೀಗೆ ಬರೆದ ಅರ್ಜಿ ಬಾಗಿಲಲ್ಲೇ ಬೀಳುವುದಿಲ್ಲ.

ಸರ್ವಸದಸ್ಯರ ಸಭೆಯನ್ನೇ ನಿಲ್ಲಿಸಿ ಎಂಬ ಕೋರಿಕೆಗೆ ಮಾತ್ರ ಹೆಚ್ಚು ಆಸೆ ಇಟ್ಟುಕೊಳ್ಳಬಾರದು. ಸಭೆ ಕರೆಯುವುದು ಷೇರುದಾರರ ಹಕ್ಕು ಎಂಬ ನಿಲುವು 1986ರಲ್ಲಿ ವರದಿಯಾದ ಎಸ್ಕಾರ್ಟ್ಸ್ ತೀರ್ಪಿನಿಂದಲೂ ಗಟ್ಟಿಯಾಗಿದೆ. ‘ಸಭೆಯ ನಿರ್ಣಯ ದಾವೆಯ ಫಲಿತಾಂಶಕ್ಕೆ ಒಳಪಟ್ಟಿರಲಿ’ ಎಂಬ ಆದೇಶ ಸಿಕ್ಕರೆ ಅದೇ ಗೆಲುವು.

ಅರ್ಜಿಗೆ ಮುಂಚೆ ಕಾಗದ

ತಡೆಯಾಜ್ಞೆಗೆ ಮೂರು ಪರೀಕ್ಷೆ: ಮೇಲ್ನೋಟಕ್ಕೆ ಹಕ್ಕು ಕಾಣಬೇಕು, ತಡೆ ಕೊಡದಿದ್ದರೆ ನಿಮಗಾಗುವ ತೊಂದರೆ ಕೊಟ್ಟರೆ ಎದುರಾಳಿಗಾಗುವ ತೊಂದರೆಗಿಂತ ಹೆಚ್ಚಿರಬೇಕು, ಆಗುವ ನಷ್ಟ ದುಡ್ಡಿನಿಂದ ತುಂಬಿಕೊಡಲಾಗದ್ದಾಗಿರಬೇಕು. 1992ರಲ್ಲಿ ವರದಿಯಾದ ದಲ್‌ಪತ್ ಕುಮಾರ್ ತೀರ್ಪಿನ ಈ ಮೂರು ಸಾಲು ಪ್ರತಿ ಅಫಿಡವಿಟ್‌ನಲ್ಲೂ ಇರುತ್ತವೆ, ಬಹಳಷ್ಟರಲ್ಲಿ ಬರೀ ಸಾಲುಗಳಾಗಿಯೇ ಉಳಿಯುತ್ತವೆ. ಮೂರನೆಯದನ್ನೇ ನೋಡಿ. ಖಾಸಗಿ ಕಂಪನಿಯ ಷೇರು ಪೇಟೆಯಲ್ಲಿ ಸಿಗುವುದಿಲ್ಲ, ಹೋದರೆ ಹೋಯಿತು, ಅದರೊಂದಿಗೆ ಕಂಪನಿಯ ಹಿಡಿತವೂ ಹೋಗುತ್ತದೆ. ಇದನ್ನು ವಿವರಿಸಿ ಬರೆದರೆ ತುಂಬಲಾಗದ ನಷ್ಟ ಎಂಬುದಕ್ಕೆ ಅರ್ಥ ಬರುತ್ತದೆ. ಲಿಸ್ಟೆಡ್ ಕಂಪನಿಯ ನೂರಿನ್ನೂರು ಷೇರಾದರೆ ‘ಪೇಟೆ ಬೆಲೆ ಇದೆಯಲ್ಲ, ದುಡ್ಡು ಕೊಟ್ಟರಾಯಿತು’ ಎಂಬ ಉತ್ತರ ಬರುತ್ತದೆ. ಅಲ್ಲಿ ಎದುರಾಳಿಯ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ, ಅವನ ಮೇಲೆ ಸಾಲವಿದೆ, ಈಗಾಗಲೇ ಒಂದಷ್ಟು ಮಾರಿದ್ದಾನೆ ಎಂಬ ಸಂಗತಿಗಳನ್ನು ದಾಖಲೆಯೊಂದಿಗೆ ಹೇಳಬೇಕು.

ಖಾಸಗಿ ಕಂಪನಿಯಾದರೆ ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲಿನಲ್ಲಿ ಒಂದು ಕಂಪನಿಗೆ 100 ರೂಪಾಯಿ ಕಟ್ಟಿ ಅದರ ಸಾರ್ವಜನಿಕ ದಾಖಲೆಗಳನ್ನು ಯಾರಾದರೂ ನೋಡಬಹುದು. ಮೊದಲು ತೆಗೆಯಬೇಕಾದ್ದು ಪ್ರತಿ ವರ್ಷದ ವಾರ್ಷಿಕ ರಿಟರ್ನು, ಅಂದರೆ ಎಂಜಿಟಿ-7 ಅಥವಾ ಸಣ್ಣ ಕಂಪನಿಯಾದರೆ ಎಂಜಿಟಿ-7ಎ. ಅದರೊಂದಿಗೆ ಷೇರುದಾರರ ಪಟ್ಟಿ ಇರುತ್ತದೆ. ಆಮೇಲೆ ಹೊಸ ಷೇರು ಹಂಚಿಕೆಯ ಪಿಎಎಸ್-3, ನಿರ್ದೇಶಕರ ಬದಲಾವಣೆಯ ಡಿಐಆರ್-12, ಮತ್ತು ಕಂಪನಿಯ ಆಂತರಿಕ ನಿಯಮಾವಳಿಯಾದ ಆರ್ಟಿಕಲ್ಸ್.

ಈ ಪಟ್ಟಿಗಳನ್ನು ವರ್ಷವಾರು ಜೋಡಿಸಿ ನೋಡುವುದರಲ್ಲೇ ಅರ್ಧ ಕೇಸಿದೆ. ‘ಅಪ್ಪ ಬದುಕಿದ್ದಾಗಲೇ ನನಗೆ ಷೇರು ಬರೆದುಕೊಟ್ಟಿದ್ದಾರೆ’ ಎಂದು ಅಣ್ಣ ಎಸ್‌ಎಚ್-4 ವರ್ಗಾವಣೆ ಪತ್ರ ಮುಂದಿಡುತ್ತಾನೆ. ಅದು ಸಹಿಯಾದ 60 ದಿನದೊಳಗೆ ಕಂಪನಿಗೆ ಸಲ್ಲಿಕೆಯಾಗಬೇಕು ಎಂದು ಕಂಪನಿ ಕಾಯ್ದೆಯ 56ನೇ ಸೆಕ್ಷನ್ ಹೇಳುತ್ತದೆ. ಪತ್ರದ ದಿನಾಂಕ 2019, ಆದರೆ 2020, 2021ರ ಮಾರ್ಚ್ 31ರ ಪಟ್ಟಿಯಲ್ಲೂ ಅಪ್ಪನ ಹೆಸರಿನಲ್ಲೇ 6,000 ಷೇರು ಇದ್ದರೆ, ಆ ರಿಟರ್ನಿಗೆ ಅಣ್ಣನೇ ನಿರ್ದೇಶಕನಾಗಿ ಡಿಜಿಟಲ್ ಸಹಿ ಹಾಕಿದ್ದರೆ, ಮೇಲ್ನೋಟದ ಪ್ರಕರಣಕ್ಕೆ ಇದಕ್ಕಿಂತ ಗಟ್ಟಿ ಕಾಗದ ಬೇಕಿಲ್ಲ. ಅವನು ವಿಲ್ ತೋರಿಸಿದರೂ ಹೆದರಬೇಕಿಲ್ಲ. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಕನಿಷ್ಠ ಒಬ್ಬ ಸಾಕ್ಷಿ ಬಂದು ಅದನ್ನು ರುಜುವಾತು ಮಾಡಬೇಕು. ಆ ಹಂತ ವಿಚಾರಣೆಯಲ್ಲಿ ಬರುತ್ತದೆ, ಅಲ್ಲಿಯವರೆಗೆ ಷೇರು ಉಳಿಸಿಡುವುದಕ್ಕೇ ಮಧ್ಯಂತರ ತಡೆ ಇರುವುದು.

‘ನಮ್ಮ ಷೇರು ನಮ್ಮ ಕವಲಿನಲ್ಲೇ ಇರಬೇಕೆಂದು ಅಪ್ಪ, ಚಿಕ್ಕಪ್ಪ ಮಾತಾಡಿಕೊಂಡಿದ್ದರು’ ಎಂಬ ವಾದ ನೆಚ್ಚಿಕೊಂಡವರಿಗೆ ಒಂದು ಮಾತು. ಆ ನಿಬಂಧನೆ ಆರ್ಟಿಕಲ್ಸ್‌ನಲ್ಲಿ ಇಲ್ಲದಿದ್ದರೆ ಕಂಪನಿಯನ್ನೂ ಷೇರುದಾರರನ್ನೂ ಕಟ್ಟುವುದಿಲ್ಲ ಎಂದು 1992ರಲ್ಲಿ ವರದಿಯಾದ ವಿ.ಬಿ. ರಂಗರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೂ ಒಂದು ಕುಟುಂಬದ ಕಂಪನಿಯೇ.

ಅಪ್ಪನ ಲಿಸ್ಟೆಡ್ ಷೇರುಗಳು ಎಲ್ಲೆಲ್ಲಿವೆ ಎಂದೇ ಗೊತ್ತಿಲ್ಲದಿದ್ದರೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಡಿವಿಡೆಂಡ್ ಜಮೆಗಳನ್ನು ಹುಡುಕಬೇಕು. ಆದಾಯ ತೆರಿಗೆಯ ವಾರ್ಷಿಕ ಮಾಹಿತಿ ಪಟ್ಟಿ, ಡಿಮ್ಯಾಟ್ ಷೇರುಗಳ ದಾಖಲೆ ಇಡುವ ಡಿಪಾಸಿಟರಿಯಿಂದ ಪ್ಯಾನ್ ಆಧಾರದಲ್ಲಿ ಬರುವ ಒಟ್ಟು ಖಾತೆ ವಿವರ ಕೂಡ ದಾರಿ ತೋರಿಸುತ್ತವೆ.

ಅರ್ಜಿಯ ಮಾತು

ಪಾಲಿನ ದಾವೆಯೊಂದಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 1 ಮತ್ತು 2ರ ಅಡಿ ಐಎ, ಅಂದರೆ ಮಧ್ಯಂತರ ಅರ್ಜಿ, ಹಾಕುವುದು ಕ್ರಮ. ದಾವೆಯಲ್ಲಿ ಷೇರು ಮಾತ್ರ ಹಾಕಿ ಜಮೀನು, ಮನೆ ಬಿಟ್ಟರೆ ಭಾಗಶಃ ಪಾಲು ಎಂಬ ಆಕ್ಷೇಪ ಬರುತ್ತದೆ. ಕರ್ನಾಟಕದ ಕೋರ್ಟ್ ಶುಲ್ಕ ಕಾಯ್ದೆಯ 35(2) ಪ್ರಕಾರ ಜಂಟಿ ಸ್ವಾಧೀನದ ಪಾಲಿನ ದಾವೆಗೆ ಹೆಚ್ಚೆಂದರೆ 200 ರೂಪಾಯಿ ಶುಲ್ಕ. ಆದರೆ ‘ನನ್ನನ್ನು ಪೂರ್ತಿ ಹೊರಹಾಕಿದ್ದಾರೆ’ ಎಂದು ದಾವಾಪತ್ರದಲ್ಲೇ ಬರೆದುಕೊಂಡರೆ 35(1) ಅನ್ವಯಿಸಿ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಬೀಳುತ್ತದೆ. ಸಿಟ್ಟಿನಲ್ಲಿ ಬರೆಸಿದ ಒಂದು ವಾಕ್ಯ ದುಬಾರಿಯಾಗಬಹುದು.

ಪ್ರತಿವಾದಿಗಳ ಸಾಲಿನಲ್ಲಿ ಅಣ್ಣತಮ್ಮ, ಅಮ್ಮ ಮಾತ್ರ ಇದ್ದರೆ ಸಾಲದು. ತಡೆಯಾಜ್ಞೆ ಕಟ್ಟುವುದು ಮುಖ್ಯವಾಗಿ ದಾವೆಯ ಪಕ್ಷಕಾರರನ್ನು. ಕಂಪನಿಯನ್ನು ಸೇರಿಸಿ. ಲಿಸ್ಟೆಡ್ ಕಾಗದದ ಷೇರಾದರೆ ಕಂಪನಿಯ ಪರ ಷೇರು ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಸಂಸ್ಥೆಯನ್ನು, ಡಿಮ್ಯಾಟ್ ಆದರೆ ಖಾತೆಯಿರುವ ಬ್ರೋಕರ್ ಅಥವಾ ಬ್ಯಾಂಕನ್ನು ಸೇರಿಸಿ.

ಷೆಡ್ಯೂಲಿನಲ್ಲಿ ‘ತಂದೆಯವರ ಹೆಸರಿನಲ್ಲಿರುವ ಎಲ್ಲ ಷೇರುಗಳು’ ಎಂದು ಬರೆದ ಆದೇಶವನ್ನು ಯಾವ ರಿಜಿಸ್ಟ್ರಾರೂ ಜಾರಿ ಮಾಡಲಾರ. ಸರ್ವೆ ನಂಬರು, ಚಕ್ಕುಬಂದಿ ಇಲ್ಲದೆ ಜಮೀನಿನ ದಾವೆ ಹಾಕುತ್ತೀರಾ? ಷೇರಿನ ಚಕ್ಕುಬಂದಿ ಎಂದರೆ ಕಂಪನಿಯ ಪೂರ್ಣ ಹೆಸರು ಮತ್ತು ನೋಂದಣಿ ಸಂಖ್ಯೆ, ಫೋಲಿಯೋ ಸಂಖ್ಯೆ, ಸರ್ಟಿಫಿಕೇಟ್ ಸಂಖ್ಯೆ, ಷೇರಿನ ಕ್ರಮಸಂಖ್ಯೆ ಎಲ್ಲಿಂದ ಎಲ್ಲಿವರೆಗೆ ಎಂಬುದು. ಡಿಮ್ಯಾಟ್ ಆದರೆ ಐಎಸ್‌ಐಎನ್ (ಆ ಷೇರಿನ ಗುರುತು ಸಂಖ್ಯೆ) ಮತ್ತು ಖಾತೆ ಸಂಖ್ಯೆ. ಡಿಪಾಸಿಟರಿ ಎನ್‌ಎಸ್‌ಡಿಎಲ್ ಆದರೆ ‘ಐಎನ್’ನಿಂದ ಶುರುವಾಗುವ ಎಂಟು ಅಕ್ಷರದ ಡಿಪಿ ಐಡಿ (ಬ್ರೋಕರ್ ಅಥವಾ ಬ್ಯಾಂಕಿನ ಗುರುತು ಸಂಖ್ಯೆ) ಮತ್ತು ಎಂಟು ಅಂಕಿಯ ಗ್ರಾಹಕ ಸಂಖ್ಯೆ, ಸಿಡಿಎಸ್‌ಎಲ್ ಆದರೆ 16 ಅಂಕಿ. ಪೂರ್ತಿ ಸಂಖ್ಯೆ ಗೊತ್ತಿಲ್ಲದಿದ್ದರೆ ಅಪ್ಪನ ಪ್ಯಾನ್ ಕೊಟ್ಟು, ವಿವರ ಹಾಜರುಪಡಿಸುವಂತೆ ಕಂಪನಿಗೆ ನಿರ್ದೇಶನ ಕೇಳುವ ಇನ್ನೊಂದು ಐಎ ಹಾಕಬೇಕು.

ಕೋರಿಕೆಯಲ್ಲಿ ‘ಪರಭಾರೆ’ ಎಂಬ ಒಂದೇ ಪದಕ್ಕೆ ಜೋತುಬೀಳಬಾರದು. ಮಾರಾಟ, ದಾನ, ಒತ್ತೆ, ಸಾಲಕ್ಕೆ ಭದ್ರತೆ, ಕಂಪನಿಗೇ ಮರುಮಾರಾಟ ಎಂದು ಬಿಡಿಸಿ ಬರೆಯಬೇಕು. ಆ ಷೇರಿಗೆ ಮುಂದೆ ಬರುವ ಬೋನಸ್, ವಿಭಜನೆಯಾದರೆ ಬರುವ ಹೆಚ್ಚಿನ ಷೇರು, ಡಿವಿಡೆಂಡ್ ಕೂಡ ಸೇರಬೇಕು. ಇಲ್ಲದಿದ್ದರೆ 6,000ಕ್ಕೆ ತಡೆಯಿದ್ದು, ಅದರಿಂದ ಹುಟ್ಟಿದ 6,000 ಬೋನಸ್ ಷೇರು ಬಿಡಾಡಿಯಾಗಿರುತ್ತದೆ. ‘ಯಥಾಸ್ಥಿತಿ ಕಾಪಾಡಿ’ ಎಂಬ ಎರಡೇ ಪದದ ಆದೇಶವೂ ಅಪಾಯವೇ. ಯಾವ ದಿನದ ಸ್ಥಿತಿ? ಆದೇಶದ ಹಿಂದಿನ ವಾರವೇ ಅಣ್ಣ ಹೆಸರು ಬದಲಾವಣೆಗೆ ಅರ್ಜಿ ಕೊಟ್ಟಿದ್ದರೆ? ದಿನಾಂಕ ಮತ್ತು ಷೇರಿನ ಸಂಖ್ಯೆ ಎರಡನ್ನೂ ಆದೇಶದಲ್ಲಿ ಬರೆಸಿಕೊಳ್ಳಬೇಕು.

ಎಕ್ಸ್‌ಪಾರ್ಟಿ ಆದೇಶ ಸಿಕ್ಕ ದಿನ

ಎದುರಾಳಿಗೆ ನೋಟಿಸು ಹೋದರೆ ಅಷ್ಟರಲ್ಲಿ ಷೇರು ಮಾರಿಬಿಡುತ್ತಾನೆ ಎಂಬ ಆತಂಕ ಇಲ್ಲಿ ನಿಜವಾದದ್ದು. ಹಾಗಾಗಿ ಏಕಪಕ್ಷೀಯ (ಎಕ್ಸ್‌ಪಾರ್ಟಿ) ಆದೇಶ ಕೇಳುವುದು ಸಹಜ, ಆದರೆ ಆರು ತಿಂಗಳ ಹಿಂದೆಯೇ ವಿಷಯ ಗೊತ್ತಿತ್ತು ಎಂದು ನಿಮ್ಮದೇ ವಾಟ್ಸ್ಆ್ಯಪ್ ಸಂದೇಶ ಹೇಳಿದರೆ ತುರ್ತು ಎಂಬುದಕ್ಕೆ ಬೆಲೆಯಿಲ್ಲ. ಹಳೆಯ ಪಾಲುಪಾರಿಕತ್ತು, ಸಹಿ ಮಾಡಿದ ನಿರಾಕ್ಷೇಪಣಾ ಪತ್ರ, ಮುಂಚೆ ಹಾಕಿ ಹಿಂದೆಗೆದ ದಾವೆ ಯಾವುದನ್ನೂ ಮುಚ್ಚಿಡಬಾರದು. ಮುಚ್ಚಿಟ್ಟದ್ದು ಹೊರಬಿದ್ದರೆ ಪ್ರಕರಣದ ಗುಣ ನೋಡದೆಯೇ ತಡೆ ತೆರವಾಗುತ್ತದೆ.

ಆದೇಶ ಸಿಕ್ಕ ದಿನ ಸಿಹಿ ಹಂಚುವ ಮೊದಲು ಆದೇಶ 39ರ ನಿಯಮ 3ನ್ನು ಪಾಲಿಸಬೇಕು. ಅರ್ಜಿ, ಅಫಿಡವಿಟ್, ದಾವಾಪತ್ರ, ದಾಖಲೆಗಳ ನಕಲನ್ನು ಎದುರಾಳಿಗೆ ತಲುಪಿಸಬೇಕು ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಹಾಗೆ ಮಾಡಿದ್ದೇವೆಂದು ಅದೇ ದಿನ ಅಥವಾ ಮರುದಿನವೇ ಅಫಿಡವಿಟ್ ಹಾಕಬೇಕು. ಇದು ಔಪಚಾರಿಕವಲ್ಲ. ಎದುರು ವಕೀಲರು ಕಡತದಲ್ಲಿ ಮೊದಲು ಹುಡುಕುವುದೇ ಈ ಅಫಿಡವಿಟನ್ನು. ಆಮೇಲೆ 30 ದಿನದೊಳಗೆ ಅರ್ಜಿ ಇತ್ಯರ್ಥಕ್ಕೆ ಪ್ರಯತ್ನಿಸಬೇಕು ಎಂದು ನಿಯಮ 3ಎ ಹೇಳುತ್ತದೆ. ವಾಸ್ತವದಲ್ಲಿ ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ‘ಮುಂದಿನ ವಾಯಿದೆವರೆಗೆ’ ಎಂದು ಕೊಟ್ಟ ತಡೆಯನ್ನು ಪ್ರತಿ ವಾಯಿದೆಯಲ್ಲೂ ವಿಸ್ತರಿಸಿದ್ದಾರೆಯೇ ಎಂದು ದಿನಚರಿ ಹಾಳೆಯಲ್ಲಿ ನೋಡಿಯೇ ಹೊರಬರಬೇಕು. ನ್ಯಾಯಾಧೀಶರು ರಜೆಯಿದ್ದ ದಿನ ಬರೀ ದಿನಾಂಕ ಬದಲಾಗಿ, ವಿಸ್ತರಣೆ ಬರೆಯದೆ ಉಳಿದು, ಆ ಸಂದಿನಲ್ಲೇ ಷೇರು ಜಾರುವುದುಂಟು.

ಆದೇಶದ ಪ್ರಮಾಣೀಕೃತ ನಕಲನ್ನು ಕೋರ್ಟ್ ಅಮೀನರು ತಲುಪಿಸಲಿ ಎಂದು ಕಾಯುವುದು ಜಮೀನಿನ ಅಭ್ಯಾಸ. ಷೇರಿನಲ್ಲಿ ಅದೇ ದಿನ ನೀವೇ ಕಳಿಸಬೇಕು: ಕಂಪನಿಯ ನೋಂದಾಯಿತ ಕಚೇರಿಗೆ, ಪೋರ್ಟಲಿನಲ್ಲಿರುವ ಅದರ ಇಮೇಲಿಗೆ, ಷೇರು ರಿಜಿಸ್ಟ್ರಾರಿಗೆ, ಬ್ರೋಕರಿಗೆ. ಸಂಜೆಯೊಳಗೆ ಸ್ವೀಕೃತಿ ಪಡೆದುಕೊಳ್ಳಿ. ಆದೇಶ ಗೊತ್ತಿರಲಿಲ್ಲ ಎಂದು ಹೇಳಬಲ್ಲವನನ್ನು ಶಿಕ್ಷಿಸುವುದು ಕಷ್ಟ. ಗೊತ್ತಿದ್ದೂ ಮೀರಿದರೆ ನಿಯಮ 2ಎ ಅಡಿ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಸೆರೆ. ತಡೆ ಸಿಗದಿದ್ದರೆ ಅಥವಾ ತೆರವಾದರೆ ಆದೇಶ 43ರ ಅಡಿ ಮೇಲ್ಮನವಿ ಇದೆ. ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ.

ಎದುರು ಪಕ್ಷದವರಿಗೂ ದಾರಿಗಳಿವೆ. ಸ್ಟೇ ಬರಬಹುದೆಂಬ ಸುಳಿವಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಸೆಕ್ಷನ್ ಅಡಿ ಕೇವಿಯಟ್ (ಮುನ್ನೆಚ್ಚರಿಕೆ ಅರ್ಜಿ) ಹಾಕಿದರೆ 90 ದಿನ ನಿಮ್ಮ ಮಾತು ಕೇಳದೆ ಆದೇಶ ಬಾರದು. ತಡೆ ಬಂದಿದ್ದರೆ ನಿಯಮ 4ರ ಅಡಿ ತೆರವಿಗೆ ಅರ್ಜಿ. ಆಧಾರವಿಲ್ಲದೆ ತಡೆ ತಂದವರಿಂದ ಅದೇ ಸಂಹಿತೆಯ 95ನೇ ಸೆಕ್ಷನ್ ಅಡಿ 50,000 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆದರೆ ಆ ಮೊತ್ತ ನೋಡಿ ಹೆದರುವವರು ಕಡಿಮೆ.

ಷೇರು ತಡೆಯಲ್ಲಿರುವಾಗ ಪೇಟೆ ಕುಸಿದರೆ ನಷ್ಟ ಎಲ್ಲರಿಗೂ. ಆದ್ದರಿಂದ ಲಿಸ್ಟೆಡ್ ಷೇರಿನ ವಿಷಯದಲ್ಲಿ ಎರಡೂ ಕಡೆಯವರು ಒಪ್ಪಿ, ಕೋರ್ಟಿನ ಅನುಮತಿಯಿಂದ ಮಾರಿ, ಬಂದ ಹಣವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ದಾವೆಯ ಹೆಸರಿನಲ್ಲಿ ಠೇವಣಿ ಇಡುವುದು ಎಷ್ಟೋ ಸಲ ತಡೆಗಿಂತ ಮೇಲು. ಹಾಗೆ ಮಾರದೆ ದಾವೆ ವರ್ಷಗಟ್ಟಲೆ ಎಳೆದರೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಸತ್ತವರ ಹೆಸರಿಗೆ ಬರುವ ಡಿವಿಡೆಂಡನ್ನು ಸತತ 7 ವರ್ಷ ಯಾರೂ ಪಡೆಯದಿದ್ದರೆ ಕಂಪನಿ ಕಾಯ್ದೆಯ 124ನೇ ಸೆಕ್ಷನ್ ಪ್ರಕಾರ ಷೇರುಗಳೇ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತವೆ. ಆ ಷೇರಿನ ವರ್ಗಾವಣೆಗೂ ಡಿವಿಡೆಂಡ್ ಪಾವತಿಗೂ ನ್ಯಾಯಾಲಯದ ತಡೆ ಇದ್ದರೆ ಮಾತ್ರ ಹೋಗುವುದಿಲ್ಲ. ನಿಮ್ಮ ಆದೇಶದಲ್ಲಿ ಡಿವಿಡೆಂಡ್ ಎಂಬ ಪದ ಇದೆಯೇ ಎಂದು ಇನ್ನೊಮ್ಮೆ ನೋಡಿ. ಇಲ್ಲದಿದ್ದರೆ ಸ್ಪಷ್ಟೀಕರಣಕ್ಕೆ ಒಂದು ಐಎ ಹಾಕಿಸಿ, ಆದೇಶದ ನಕಲನ್ನು ಕಂಪನಿಗೆ ಮತ್ತೆ ಕಳಿಸಿ. ಒಮ್ಮೆ ನಿಧಿಗೆ ಹೋದ ಷೇರನ್ನು ಐಇಪಿಎಫ್-5 ಅರ್ಜಿ ಹಾಕಿ ವಾಪಸು ಪಡೆಯಬಹುದು, ಆದರೆ ಆಗ ಹಕ್ಕಿನ ಪೂರ್ತಿ ಕಾಗದ ಕೈಯಲ್ಲಿರಬೇಕು.